ಫ್ಲಾರೆನ್ಸ್‌ನಲ್ಲಿ ಮೂರು ದಿನ: ಮಂಡಿ ನೋವಿರುವ ಅಮ್ಮನ ಜೊತೆ ಏನು ನೋಡಬಹುದು?

ಮಾರ್ಚ್‌ನಲ್ಲಿ ಒಂದು ಶನಿವಾರದಿಂದ ಸೋಮವಾರದವರೆಗೆ ಇಟಲಿಯ ಫ್ಲಾರೆನ್ಸ್‌ನಲ್ಲಿ ಇರುತ್ತೇವೆ, ಅಮ್ಮನಿಗೆ ಮಂಡಿ ನೋವು, ಎಲ್ಲರೂ ಸಸ್ಯಾಹಾರಿಗಳು, ಪೀಸಾದ ವಾಲುಗೋಪುರವನ್ನೂ ಸೇರಿಸಿಕೊಳ್ಳಬಹುದಾ ಅಂತ ಕೇಳಿದ್ದೀರಿ. ನಾನೂ ನನ್ನ ಅಮ್ಮನನ್ನು ಕರೆದುಕೊಂಡು ಇದೇ ಊರಿಗೆ ಹೋಗಿದ್ದೆ. ಹಾಗಾಗಿ ಕಂಡಿದ್ದನ್ನೇ ಹೇಳುತ್ತೇನೆ.

ಪೀಸಾ ಬಿಟ್ಟುಬಿಡಿ. ರೈಲಿನಲ್ಲಿ ಹೆಚ್ಚುಕಡಿಮೆ ಒಂದು ಗಂಟೆ, ನಿಜ. ಆದರೆ ಹೋಗಿ ಬರುವಷ್ಟರಲ್ಲಿ ಅರ್ಧ ದಿನ ಕಳೆದಿರುತ್ತದೆ. ಅಮ್ಮ ಸುಸ್ತಾಗಿ ಸಂಜೆ ಎಲ್ಲಿಗೂ ಬರಲ್ಲ ಅಂತಾರೆ. ಫ್ಲಾರೆನ್ಸ್‌ನ ಹಳೇ ಊರು ಚಿಕ್ಕದು, ಎಲ್ಲವೂ ಕಾಲ್ನಡಿಗೆಯ ದೂರದಲ್ಲಿದೆ. ಆ ಅರ್ಧ ದಿನ ಅಲ್ಲೇ ಕಳೆಯಿರಿ.

ಒಂದು ವಿಷಯ ಈಗಲೇ ಗಮನಿಸಿ. ಉಫಿತ್ಸಿ ಚಿತ್ರಶಾಲೆ, ಮೈಕೆಲೆಂಜೆಲೊ ಕೆತ್ತಿದ ಡೇವಿಡ್ ಶಿಲ್ಪ ಇರುವ ಅಕಾಡೆಮಿಯಾ, ಎರಡಕ್ಕೂ ಸೋಮವಾರ ರಜೆ. ನಾವು ಗೊತ್ತಿಲ್ಲದೆ ಸೋಮವಾರವೇ ಉಫಿತ್ಸಿ ಬಾಗಿಲಿಗೆ ಹೋಗಿ ನಿಂತಿದ್ದೆವು. ಅಮ್ಮನ ಮುಖ ನೋಡಿ ಬಹಳ ಬೇಜಾರಾಯಿತು. ನೀವು ಶನಿವಾರ ಅಕಾಡೆಮಿಯಾ, ಭಾನುವಾರ ಬೆಳಿಗ್ಗೆ ಉಫಿತ್ಸಿ ಇಟ್ಟುಕೊಳ್ಳಿ, ಟಿಕೆಟ್ ಮೊದಲೇ ಕಾಯ್ದಿರಿಸಿ. ಆದರೆ ತಿಂಗಳ ಮೊದಲ ಭಾನುವಾರ ಸರ್ಕಾರಿ ಮ್ಯೂಸಿಯಂಗಳಿಗೆ ಎಲ್ಲರಿಗೂ ಉಚಿತ ಪ್ರವೇಶ, ಅವತ್ತು ಸಾಲು ತುಂಬಾ ಉದ್ದ. ಅಮ್ಮನನ್ನು ಅಷ್ಟು ಹೊತ್ತು ನಿಲ್ಲಿಸಬೇಡಿ.

ಉಫಿತ್ಸಿಯಲ್ಲಿ ಎಲ್ಲ ಕೋಣೆಗಳನ್ನೂ ಮುಗಿಸುವ ಹಟ ಬೇಡ. ಬೊಟ್ಟಿಚೆಲ್ಲಿಯ ಚಿತ್ರಗಳ ಮುಂದೆ ಸಮಾಧಾನವಾಗಿ ನಿಲ್ಲಿ, ಆಮೇಲೆ ಇಷ್ಟ ಬಂದಷ್ಟು ನೋಡಿ ಸಾಕು.

ನನ್ನ ಪ್ರಕಾರ ಈ ಊರಿನ ನಿಜವಾದ ಸೊಗಸು ಇರುವುದು, ಚಿತ್ರಗಳು ಬರೆದ ಜಾಗದಲ್ಲೇ ಉಳಿದಿರುವ ಕಡೆ. ಅಕಾಡೆಮಿಯಾದಿಂದ ಎರಡೇ ನಿಮಿಷ ನಡೆದರೆ ಸಾನ್ ಮಾರ್ಕೊ ಸಿಗುತ್ತದೆ. ಅದು ಸನ್ಯಾಸಿಗಳ ಮಠವಾಗಿತ್ತು. 15ನೇ ಶತಮಾನದಲ್ಲಿ ಅಲ್ಲೇ ಇದ್ದ ಸನ್ಯಾಸಿ ಫ್ರಾ ಆಂಜೆಲಿಕೊ ಮತ್ತು ಅವರ ಸಹಾಯಕರು ಕೋಣೆ ಕೋಣೆಯ ಗೋಡೆಗೂ ಒಂದೊಂದು ಚಿತ್ರ ಬರೆದರು. ಸಣ್ಣ ಕೋಣೆ, ಒಂದು ಕಿಟಕಿ, ಒಂದು ಚಿತ್ರ. ಅಷ್ಟೇ. ಒಬ್ಬ ಸನ್ಯಾಸಿ ದಿನಾ ಎದ್ದು ನೋಡಲಿ ಅಂತ ಬರೆದದ್ದು, ಪ್ರದರ್ಶನಕ್ಕಲ್ಲ. ಮೆಟ್ಟಿಲು ಹತ್ತಿ ತಲೆ ಎತ್ತಿದ ಕೂಡಲೇ ಎದುರಿಗೆ ಏಸು ಹುಟ್ಟುವ ಸುದ್ದಿಯನ್ನು ದೇವದೂತ ತಾಯಿ ಮೇರಿಗೆ ಹೇಳುವ ಚಿತ್ರ ಕಾಣುತ್ತದೆ. ನನ್ನಮ್ಮ ಅಲ್ಲಿ ಮಾತೇ ಆಡಲಿಲ್ಲ. ಕೋಣೆಯಿಂದ ಕೋಣೆಗೆ ಸುಮ್ನೆ ಹೋಗುತ್ತಿದ್ದರು. ಬೆಳಿಗ್ಗೆ ಬೇಗ ಹೋಗಿ, ತೆರೆಯುವ ದಿನ ಮತ್ತು ಸಮಯವನ್ನು ಹೊರಡುವ ಮೊದಲು ಒಮ್ಮೆ ನೋಡಿಕೊಳ್ಳಿ.

ಊರಿನ ದೊಡ್ಡ ಚರ್ಚು ಡುವೊಮೊದ ಗುಮ್ಮಟ ಹತ್ತಲು 463 ಮೆಟ್ಟಿಲು, ಲಿಫ್ಟ್ ಇಲ್ಲ. ಅಮ್ಮನಿಗೆ ಬೇಡವೇ ಬೇಡ. ಬದಲಿಗೆ ಚರ್ಚಿನ ಹಿಂದೆಯೇ ಇರುವ ಅದರದೇ ಮ್ಯೂಸಿಯಂಗೆ ಸೋಮವಾರ ಹೋಗಿ. ಅಲ್ಲಿ ಲಿಫ್ಟ್ ಇದೆ, ಮೇಲಿನ ಬಾಲ್ಕನಿಯಿಂದ ಗುಮ್ಮಟ ಕಣ್ಣೆದುರೇ ನಿಂತಂತೆ ಕಾಣುತ್ತದೆ. 1420ರಲ್ಲಿ ಶುರುವಾಗಿ 1436ರಲ್ಲಿ ಮುಗಿದ ಕಟ್ಟಡ ಅದು. ಅಷ್ಟು ಅಗಲದ ಗುಮ್ಮಟಕ್ಕೆ ನೆಲದಿಂದ ಮರದ ಆಸರೆ ಕೊಡದೆ, ಇಟ್ಟಿಗೆಗಳನ್ನು ಮೀನಿನ ಮುಳ್ಳಿನ ಹಾಗೆ ಓರೆಯಾಗಿ ಹೆಣೆದು ಬ್ರುನೆಲೆಸ್ಕಿ ಅನ್ನುವ ವಾಸ್ತುಶಿಲ್ಪಿ ಕಟ್ಟಿಸಿದ. ಭಾರ ಎತ್ತಲು ಎತ್ತುಗಳು ಸುತ್ತುವ ಯಂತ್ರ ಮಾಡಿದ್ದ. ಹೊರೆ ಇಳಿಸುವಾಗ ಎತ್ತುಗಳನ್ನು ತಿರುಗಿಸಿ ಕಟ್ಟುವ ಕೆಲಸವೇ ಇರಲಿಲ್ಲ, ಹಲ್ಲುಚಕ್ರ ಬದಲಿಸಿದರೆ ಸಾಕಿತ್ತು. ಅದನ್ನು ತಿಳಿದುಕೊಂಡು ಗುಮ್ಮಟ ನೋಡಿದರೆ ಅದರ ಗಾತ್ರ ಬೇರೆಯೇ ಅನಿಸುತ್ತದೆ, ಅಲ್ವಾ?

ಅದೇ ಮ್ಯೂಸಿಯಂನಲ್ಲಿ ಮೈಕೆಲೆಂಜೆಲೊ ವಯಸ್ಸಾದ ಮೇಲೆ ತನ್ನ ಸಮಾಧಿಗೆಂದು ಕೆತ್ತಲು ಶುರುಮಾಡಿ, ಆಮೇಲೆ ತಾನೇ ಸುತ್ತಿಗೆಯಿಂದ ಒಡೆದ ಶಿಲ್ಪ ಇದೆ. ತೀರಿಕೊಂಡ ಏಸುವನ್ನು ಹಿಂದಿನಿಂದ ಹಿಡಿದು ನಿಂತ ಮುದುಕನ ಮುಖ ಅವನದ್ದೇ ಅಂತಾರೆ. ನನಗೆ ಡೇವಿಡ್‌ಗಿಂತ ಇದೇ ಜಾಸ್ತಿ ಮನಸ್ಸಿಗೆ ಹತ್ತಿರವಾಯಿತು.

ಸಮಯ ಉಳಿದರೆ ಸಾಂತಾ ಕ್ರೊಚೆ ಚರ್ಚಿಗೆ ಹೋಗಿ. ಗೆಲಿಲಿಯೊ, ಮೈಕೆಲೆಂಜೆಲೊ ಇಬ್ಬರ ಸಮಾಧಿಯೂ ಅಲ್ಲಿದೆ. 1966ರ ನವೆಂಬರ್ 4ರಂದು ಅರ್ನೊ ನದಿ ಉಕ್ಕಿ ಆ ಕಡೆಯ ಬೀದಿಗಳಲ್ಲಿ ನೀರು ಆಳೆತ್ತರ ಮೀರಿ ನಿಂತಿತ್ತು. ಎಲ್ಲಿಯವರೆಗೆ ಬಂದಿತ್ತು ಅಂತ ಗೋಡೆಗಳ ಮೇಲೆ ಗುರುತು ಹಾಕಿದ್ದಾರೆ. ಕೆಸರಿನಿಂದ ಪುಸ್ತಕ, ಚಿತ್ರಗಳನ್ನು ಎತ್ತಲು ಎಲ್ಲೆಲ್ಲಿಂದಲೋ ಹುಡುಗ ಹುಡುಗಿಯರು ಬಂದಿದ್ದರು. ಊರಿನವರು ಅವರನ್ನು ‘ಕೆಸರಿನ ದೇವದೂತರು’ ಅಂತ ಕರೆದರು.

ಊಟದ ಚಿಂತೆ ಬೇಡ. ಬ್ರೆಡ್, ಬಿಳಿ ಬೀನ್ಸ್, ಸೊಪ್ಪು ಹಾಕಿ ಬೇಯಿಸಿದ ರಿಬೊಲ್ಲಿತಾ ಕೇಳಿ. ‘ಸೆನ್ತ್ಸಾ ಕಾರ್ನೆ’ ಅಂದರೆ ಮಾಂಸ ಬೇಡ ಅಂತ, ಮಾಂಸದ ಸಾರು ಹಾಕಿದ್ದಾರಾ ಅಂತಲೂ ವಿಚಾರಿಸಿ. ಪಾರ್ಮೆಸಾನ್ ಚೀಸ್ ಮಾಡುವಾಗ ಕರುವಿನ ಹೊಟ್ಟೆಯಿಂದ ತೆಗೆದ ಹೆಪ್ಪು ಬಳಸುತ್ತಾರೆ, ಕಟ್ಟುನಿಟ್ಟಾಗಿದ್ದರೆ ಬೇಡ ಅನ್ನಿ. ಅಲ್ಲಿನ ಬ್ರೆಡ್‌ಗೆ ಉಪ್ಪು ಹಾಕುವುದಿಲ್ಲ. ಅಮ್ಮನಿಗೆ ಸಪ್ಪೆ ಅನಿಸುತ್ತದೆ, ಸ್ವಲ್ಪ ಚಟ್ನಿಪುಡಿ ಬ್ಯಾಗಿನಲ್ಲಿರಲಿ.

ಬೀದಿಗಳೆಲ್ಲ ಕಲ್ಲುಹಾಸು, ಮೆತ್ತನೆಯ ಅಟ್ಟೆಯ ಶೂ ಹಾಕಿಸಿ. ಒಂದು ಸಂಜೆ ಗುಡ್ಡದ ಮೇಲಿನ ಸಾನ್ ಮಿನಿಯಾತೊಗೆ ಹೋಗಿ. 1018ರಲ್ಲಿ ಶುರುವಾದ ಚರ್ಚು. ಬಸ್ ಇಳಿದ ಮೇಲೂ ಒಂದಷ್ಟು ಮೆಟ್ಟಿಲಿವೆ, ಅಮ್ಮನಿಗೆ ಕಷ್ಟ ಆಗುವುದಾದರೆ ಟ್ಯಾಕ್ಸಿ ಮಾಡಿ. ಸಂಜೆ ಪ್ರಾರ್ಥನೆಯ ಹೊತ್ತಿಗೆ ಸನ್ಯಾಸಿಗಳು ಹಳೇ ಲ್ಯಾಟಿನ್ ಸ್ತೋತ್ರ ಹಾಡುತ್ತಾರೆ. ನಮ್ಮಮ್ಮ ಹಿಂದಿನ ಬೆಂಚಿನಲ್ಲಿ ಕೂತು ಪೂರ್ತಿ ಕೇಳಿದರು. ಹೊರಗೆ ಬಂದಾಗ ಊರಿನಲ್ಲಿ ದೀಪ ಹತ್ತಿತ್ತು.