ಹೊಸ ಫೋನ್ ಕೊಂಡರೂ ಬ್ಲೂಟೂತ್ ಹೆಡ್‌ಸೆಟ್‌ನಲ್ಲಿ ಹಾಡು ಮೊದಲಿನಂತೆಯೇ ಏಕೆ ಕೇಳಿಸುತ್ತದೆ?

ಹದಿನೆಂಟು ಸಾವಿರ ಕೊಟ್ಟು ಹೊಸ ಫೋನ್ ತೆಗೆದುಕೊಂಡೆ, ತಂತಿಯ ಇಯರ್‌ಫೋನಿನಲ್ಲಿ ಹಾಡು ತುಂಬಿ ಬರುತ್ತದೆ, ಹಳೆಯ ಬ್ಲೂಟೂತ್ ಹೆಡ್‌ಸೆಟ್ ಜೋಡಿಸಿದರೆ ಮಾತ್ರ ಮೊದಲಿನಷ್ಟೇ ಪೇಲವ ಎಂದು ಬರೆದಿದ್ದೀರಿ. ಫೋನನ್ನು ವಾಪಸು ಮಾಡಲೇ ಎಂದೂ ಕೇಳಿದ್ದೀರಿ. ದಯವಿಟ್ಟು ಬೇಡ. ನಿಮ್ಮ ಫೋನಿನಲ್ಲಿ ದೋಷವಿಲ್ಲ.

ರಾಯಚೂರಿನಲ್ಲಿ ಮದುವೆ, ಜಾತ್ರೆ, ಭಜನೆಗಳಿಗೆ ಮೈಕ್ ಸೆಟ್ ಬಾಡಿಗೆಗೆ ಕೊಡುವುದು ನನ್ನ ಕಸುಬು. ಪೆನ್‌ಡ್ರೈವ್‌ನಲ್ಲಿರುವ ಹಾಡು ಬರೀ ಅಂಕಿಗಳ ಸಾಲು. ಅದನ್ನು ವಿದ್ಯುತ್ತಿನ ಅಲೆಯಾಗಿಸಲು ಒಂದು ಚಿಪ್ ಬೇಕು, ಆ ಅಲೆಗೆ ಬಲ ತುಂಬಲು ಆಂಪ್ಲಿಫೈಯರ್ ಬೇಕು, ಕೊನೆಗೆ ಗಾಳಿಯನ್ನು ಅಲುಗಿಸಲು ಸ್ಪೀಕರ್ ಬೇಕು. 3.5 ಮಿ.ಮೀ. ರಂಧ್ರಕ್ಕೆ ತಂತಿ ಚುಚ್ಚಿದಾಗ ಮೊದಲೆರಡು ಕೆಲಸ ಫೋನಿನೊಳಗೇ ನಡೆಯುತ್ತವೆ. ಬ್ಲೂಟೂತ್‌ನಲ್ಲಿ ಹಾಗಲ್ಲ. ಫೋನ್ ಅಂಕಿಗಳನ್ನು ಒತ್ತಿ ಚಿಕ್ಕದು ಮಾಡಿ ರವಾನಿಸುತ್ತದೆ, ಅಲ್ಲಿಗೆ ಅದರ ಪಾತ್ರ ಮುಗಿಯಿತು. ಚಿಪ್, ಆಂಪ್ಲಿಫೈಯರ್, ಸ್ಪೀಕರ್ ಮೂರೂ ನಿಮ್ಮ ಹೆಡ್‌ಸೆಟ್ಟಿನೊಳಗಿವೆ. ಹೊಸ ಫೋನಿನ ಉತ್ತಮ ಧ್ವನಿ ಚಿಪ್ ಹೆಡ್‌ಸೆಟ್ಟಿನ ಮಟ್ಟಿಗೆ ಇದ್ದೂ ಇಲ್ಲದಂತೆ.

ಒತ್ತುವ ವಿಧಾನಕ್ಕೆ ಕೋಡೆಕ್ ಎನ್ನುತ್ತಾರೆ. ಸಿ.ಡಿ.ಯ ಹಾಡು ಸೆಕೆಂಡಿಗೆ 1,411 ಕಿಲೋಬಿಟ್, ಅಂದರೆ ಸುಮಾರು 14 ಲಕ್ಷ ಅಂಕಿಗಳು. ಹಾಡು ಕೇಳಿಸುವ ಸಾಮಾನ್ಯ ಬ್ಲೂಟೂತ್ ಹೆಡ್‌ಸೆಟ್‌ಗಳಿಗೆಲ್ಲ ಕಡ್ಡಾಯವಾದ ಎಸ್‌ಬಿಸಿ ಎಂಬ ಕೋಡೆಕ್ ಅದನ್ನು ಸಾಮಾನ್ಯವಾಗಿ 328ರ ಆಸುಪಾಸಿಗೆ ಇಳಿಸುತ್ತದೆ. ಸೋನಿಯವರ ಎಲ್‌ಡಿಎಸಿ ಎಂಬ ಕೋಡೆಕ್ 990ರವರೆಗೆ ಹೋಗಬಲ್ಲದು. 2017ರ ಆಂಡ್ರಾಯ್ಡ್ 8ರಿಂದ ಬಹಳಷ್ಟು ಫೋನುಗಳಲ್ಲಿ ಅದು ಇದೆ. ಆದರೆ ಫೋನಿಗೆ ಬಂದರೆ ಸಾಲದು, ಹೆಡ್‌ಸೆಟ್ಟಿಗೂ ಅದೇ ಭಾಷೆ ಬರಬೇಕು. ಇಲ್ಲದಿದ್ದರೆ ಇಬ್ಬರಿಗೂ ಗೊತ್ತಿರುವ ಭಾಷೆಗೆ, ಅಂದರೆ ಹೆಚ್ಚಾಗಿ ಎಸ್‌ಬಿಸಿಗೇ, ಮಾತುಕತೆ ಇಳಿಯುತ್ತದೆ. ಇನ್ನು ಡಬ್ಬಿಯ ಮೇಲೆ ದಪ್ಪಕ್ಷರದಲ್ಲಿ ಮುದ್ರಿಸುವ 5.0, 5.3 ಎಂಬ ಆವೃತ್ತಿಯ ಅಂಕಿ ನೋಡಿ ಹಾಡು ಚೆನ್ನಾಗಿ ಕೇಳಿಸುತ್ತದೆಂದು ನಂಬಬೇಡಿ. ಅದು ಸಂಪರ್ಕದ ವಿಷಯ, ನಾದದ್ದಲ್ಲ.

ಇಷ್ಟಾದರೂ ಕೋಡೆಕ್ಕಿಗೆ ಜನ ಕೊಡುವಷ್ಟು ಮಹತ್ವವನ್ನು ನಾನು ಕೊಡುವುದಿಲ್ಲ. ನಮ್ಮ ಊರಿನ ಹಿರಿಯ ಗಾಯಕ ಪಂಡಿತ ಸಿದ್ಧರಾಮ ಜಂಬಲದಿನ್ನಿಯವರ ವಚನ ಗಾಯನದ ಹಳೆಯ ಧ್ವನಿಮುದ್ರಣವೊಂದು ನನ್ನ ಫೋನಿನಲ್ಲಿದೆ. ಯಾವ ಹೆಡ್‌ಸೆಟ್ ಸಿಕ್ಕರೂ ಮೊದಲು ಅದನ್ನೇ ಹಾಕಿ ಕೇಳುತ್ತೇನೆ. ತಂಬೂರಿಯ ಝೇಂಕಾರ ಎಳೆ ಎಳೆಯಾಗಿ ಉಳಿದಿದೆಯೇ, ತಬಲಾ ಜೋಡಿಯ ಡಗ್ಗಾದ ಗುಂಕಾರ ಹಾಡುವವರ ದನಿಯನ್ನು ಮುಚ್ಚುತ್ತಿದೆಯೇ ಎಂದು ಗಮನಿಸುತ್ತೇನೆ. ಎರಡು ವರ್ಷದ ಹಿಂದೆ ನಾನು ಕೊಂಡ ಒಂದು ಹೆಡ್‌ಸೆಟ್ಟಿನಲ್ಲಿ ಅದೇ ವಚನ ಕೊಡದೊಳಗೆ ಮುಖವಿಟ್ಟು ಹಾಡಿದಂತೆ ಕೇಳಿಸಿತು. ಫೋನಿನಲ್ಲಿ ಕೋಡೆಕ್ ಬದಲಿಸಿದೆ, ಏನೂ ಆಗಲಿಲ್ಲ. ಬೇಸ್ ಹೆಚ್ಚಿದ್ದರೆ ಜನ ಮೆಚ್ಚುತ್ತಾರೆಂದು ತಯಾರಕರು ಒಳಗಿನ ಚಿಪ್ಪಿನಲ್ಲೇ ಅದನ್ನು ಏರಿಸಿ ಕೂಡಿಸಿದ್ದರು. ಹಾಡಿನ ಮೇಲೆ ಹೀಗೆ ಬಣ್ಣ ಬಳಿಯುವುದು ನನಗೆ ನಿಜಕ್ಕೂ ನೋವು ಕೊಡುತ್ತದೆ. ಈಕ್ವಲೈಜರಿನಲ್ಲಿ ಕೆಳಗಿನ ಸ್ವರಗಳನ್ನು ತಗ್ಗಿಸಿದ ಮೇಲೆ ಅರ್ಧದಷ್ಟು ಸರಿಹೋಯಿತು.

ಹಾಗಾಗಿ ಹಣ ಖರ್ಚು ಮಾಡುವ ಮುನ್ನ ಹೆಡ್‌ಸೆಟ್ ಕಿವಿಯಲ್ಲಿ ಸರಿಯಾಗಿ ಕೂತಿದೆಯೇ ಪರೀಕ್ಷಿಸಿ. ಹಾಡು ನಡೆಯುವಾಗ ಇಯರ್‌ಬಡ್ಡನ್ನು ಬೆರಳಿನಿಂದ ಮೆಲ್ಲಗೆ ಒಳಕ್ಕೆ ಒತ್ತಿ. ಡಗ್ಗಾ ಥಟ್ಟನೆ ತುಂಬಿಕೊಂಡರೆ ತೊಂದರೆ ರಬ್ಬರ್ ತುದಿಯದು. ಕಿವಿಯ ದ್ವಾರ ಸರಿಯಾಗಿ ಮುಚ್ಚದಿದ್ದರೆ ತಗ್ಗು ಸ್ವರಗಳು ಹೊರಗೆ ಸೋರಿಹೋಗುತ್ತವೆ. ಡಬ್ಬಿಯಲ್ಲಿ ಕೊಟ್ಟ ಬೇರೆ ಅಳತೆಯ ತುದಿಗಳನ್ನು ಹೆಚ್ಚಿನವರು ಬಿಚ್ಚಿಯೂ ನೋಡುವುದಿಲ್ಲ. ಒಂದು ಕಿವಿಯಲ್ಲಿ ಸದ್ದು ಸಣ್ಣದಾಗಿದ್ದರೆ ಇಯರ್‌ಬಡ್ಡಿನ ಜಾಲರಿಯಲ್ಲಿ ಗುಗ್ಗೆ ಕಟ್ಟಿರಬಹುದು. ನಮ್ಮ ಕಡೆಯ ಬೇಸಿಗೆಯ ಬೆವರು, ಧೂಳು ಸೇರಿದರೆ ಬೇಗ ಕಟ್ಟುತ್ತದೆ. ಇಯರ್‌ಬಡ್ಡಿನ ಬಾಯಿ ಕೆಳಗೆ ಮಾಡಿ ಹಿಡಿದು, ಒಣಗಿದ ಮೆತ್ತನೆಯ ಬ್ರಷ್ಷಿನಿಂದ ಉಜ್ಜಿ.

ಇನ್ನೊಂದು ಸಂಗತಿ. ಹಾಡು ಇದ್ದಕ್ಕಿದ್ದಂತೆ ಹಳೆಯ ಟೆಲಿಫೋನಿನಂತೆ ಕೇಳಿಸುತ್ತಿದೆಯೇ? ಯಾವುದೋ ಆಟವೋ ಆನ್‌ಲೈನ್ ತರಗತಿಯೋ ಹೆಡ್‌ಸೆಟ್ಟಿನ ಮೈಕ್ ತೆರೆದಿಟ್ಟಿರಬೇಕು. ಮೈಕ್ ಬಳಕೆಯಲ್ಲಿದ್ದಾಗ ಸಾಮಾನ್ಯ ಬ್ಲೂಟೂತ್ ಕರೆಯ ವಿಧಾನಕ್ಕೆ ಬದಲಾಗುತ್ತದೆ. ಎಡ ಬಲ ಎಂಬ ಭೇದ ಹೋಗಿ, ಸ್ವರವನ್ನು ಸೆಕೆಂಡಿಗೆ 8,000 ಅಥವಾ 16,000 ಸಲ ಮಾತ್ರ ಅಳೆಯಲಾಗುತ್ತದೆ. ಸಿ.ಡಿ.ಯಲ್ಲಿ ಅದು 44,100 ಸಲ. ಆ ಆಪ್ ಮುಚ್ಚಿದರೆ ಹಾಡು ಮರಳಿ ಬರುತ್ತದೆ.

ಬಸ್ ನಿಲ್ದಾಣದಂಥ ಜನಸಂದಣಿಯಲ್ಲಿ ಸದ್ದು ತುಂಡಾದರೆ ಫೋನನ್ನು ಹಿಂದಿನ ಜೇಬಿನಿಂದ ಅಂಗಿಯ ಜೇಬಿಗೆ ತನ್ನಿ. ಬ್ಲೂಟೂತ್ ಮತ್ತು ವೈಫೈ ಎರಡೂ 2.4 ಗಿಗಾಹರ್ಟ್ಸ್‌ನಲ್ಲಿ ಗುದ್ದಾಡುತ್ತವೆ, ಜೊತೆಗೆ ನಮ್ಮ ದೇಹದ ನೀರೂ ಆ ತರಂಗವನ್ನು ಹೀರುತ್ತದೆ.

ಇಷ್ಟೆಲ್ಲ ನೋಡಿದ ಮೇಲೂ ಪೇಲವವಾಗಿದ್ದರೆ ಹೆಡ್‌ಸೆಟ್ ಬದಲಿಸಿ. ಅಂಗಡಿಗೆ ನಿಮಗೆ ಬಾಯಿಪಾಠವಾಗಿರುವ ಹಾಡನ್ನೇ ಒಯ್ಯಿರಿ, ಅವರು ಹಾಕುವ ಡೋಲಿನ ಹಾಡು ಬೇಡ. ತಂತಿಯ ಇಯರ್‌ಫೋನನ್ನು ಮಾತ್ರ ಎಸೆಯಬೇಡಿ. ಲಿಂಗಸುಗೂರಿನ ಬಸ್ಸಿನಲ್ಲಿ ನಾನು ಬ್ಲೂಟೂತ್ ಹಾಕಿಕೊಳ್ಳುತ್ತೇನೆ, ರಾತ್ರಿ ಮಾಳಿಗೆಯ ಮೇಲೆ ತಂಬೂರಿ ಕೇಳಲು ಈಗಲೂ ತಂತಿಯೇ.