ಮೊದ್ಲು ಜೀವಾನೋ, ಜಳಕಾನೋ?

ಪ್ರಶ್ನೆ: ಡಾಕ್ಟ್ರ, ನಾನು ಇಲ್ಲೇ ಒಂದು ಆಸ್ಪತ್ರಿ ಕ್ಯಾಶುವಲ್ಟಿಯೊಳಗ ನರ್ಸ್ ಅದೀನ್ರಿ. ಮೊನ್ನೆ ಟ್ರೇನಿಂಗ್‌ನ್ಯಾಗ ಮಾತು ಬಂತು, ಕೈಗಾ ಕಡೆ ಏನರ ಅನಾಹುತ ಆಗಿ ಮೈಮ್ಯಾಲೆ ವಿಕಿರಣದ ಧೂಳು ಕುಂತ ಗಾಯಾಳು ಬಂದ್ರ ಮೊದ್ಲು ತೊಳೀಬೇಕೋ, ಟ್ರೀಟ್‌ಮೆಂಟ್ ಮಾಡಬೇಕೋ ಅಂತ. ಅರ್ಧ ಮಂದಿ ತೊಳಿಯೂತನಕ ಒಳಗ ಬಿಡಬಾರ್ದು ಅಂದ್ರು. ಮನ್ಯಾಗ ಸಣ್ಣ ಕೂಸೈತ್ರಿ, ನನಗೂ ಹೆದರಿಕಿ.
- ಓದುಗಾರ್ತಿ, ಹುಬ್ಬಳ್ಳಿ

ಉತ್ತರ: ನೋಡ್ರಿ ಸಿಸ್ಟರ್, ಮೊದ್ಲು ಜೀವ. ರಕ್ತ ಸುರಿಯಾಕ ಹತ್ತಿದ್ರ ನಿಲ್ಲಸ್ರಿ, ಉಸಿರಾಟ ನೋಡ್ರಿ, ಧೂಳಿಗೆ ಅಷ್ಟು ಅವಸರ ಇರಂಗಿಲ್ಲ.

ನಮ್ಮೂರ ರಂಗಪಂಚಮಿ ನೆನಪು ಮಾಡ್ಕೋರಿ, ಬಣ್ಣ ಆಡಿ ಬಂದ ಹುಡುಗರನ್ನ ಅವ್ವ ಬಾಗಲದಾಗ ನಿಲ್ಲಿಸಿ ಅಂಗಿ ಬಿಚ್ಚಸ್ತಾಳಲ್ಲ, ಇದೂ ಹಂಗ. ಬಟ್ಟಿ ತೆಗೆದ್ರ ನೂರಕ್ಕ 80-90 ಪಾಲು ಧೂಳು ಅದರ ಕೂಡನ ಹೋಗ್ತೈತಿ. ಆದ್ರ ತಲಿಮ್ಯಾಲಿಂದ ಎಳೀಬ್ಯಾಡ್ರಿ, ಮಾರಿಮ್ಯಾಲೆ ಉದುರ್ತೈತಿ, ಕತ್ತರೀಲೆ ಕತ್ತರಿಸಿ ಒಳಮುಖ ಸುತ್ತಿ ಪ್ಲಾಸ್ಟಿಕ್ ಚೀಲದಾಗ ಕಟ್ಟಿ ಹೆಸರು ಬರದು ದೂರ ಇಡ್ರಿ. ಆಮ್ಯಾಲೆ ವಿಕಿರಣ ಅಳಿಯೋ ಮೀಟರ್ ಹಿಡಿದು ನೋಡಿ ಮೊದ್ಲು ಗಾಯ ಸಲೈನ್‌ಲೆ ತೊಳೆದು ನೀರು ತಾಗದ್ಹಂಗ ಮುಚ್ರಿ, ನಂತರ ಮೂಗು ಬಾಯಿ ಕಣ್ಣು, ಕಡೀಕ ಉಳಿದ ಚರ್ಮ. ಉಗುರುಬೆಚ್ಚಗಿನ ನೀರು, ಸಾದಾ ಸೋಪು, ಅಷ್ಟ. ನಮ್ಮ ಮಂದಿಗೆ ಜಳಕ ಅಂದ್ರ ಕಲ್ಲಿಲೆ ತಿಕ್ಕೂದು, ಇಲ್ಲಿ ಅದು ತಪ್ಪು, ಚರ್ಮ ಕಿತ್ರ ಧೂಳು ಒಳಗ ಇಳೀತೈತಿ. ಶಾಂಪೂ ನಡೀತೈತಿ, ಕಂಡೀಷನರ್ ಬ್ಯಾಡ, ಅದು ಧೂಳನ್ನ ಕೂದ್ಲಿಗೆ ಅಂಟಿಸ್ತೈತಿ. ಎರಡ್ಮೂರು ಸಲ ತೊಳೆದ್ರೂ ಮೀಟರ್ ಇಳೀಲಿಲ್ಲಂದ್ರ ಮತ್ತ ತಿಕ್ಕಬ್ಯಾಡ್ರಿ, ಒಳಗ ಹೋಗಿರಬಹುದು, ಆ ಧೂಳು ಸೀಸಿಯಂ ಅನ್ನೋ ವಿಕಿರಣ ವಸ್ತು ಆಗಿದ್ರ ಪ್ರಷ್ಯನ್ ಬ್ಲೂ ಅಂತ ಔಷಧ ಐತಿ, ಅದು ಡಾಕ್ಟರ್ ಕೆಲಸ.

ನಿಮ್ಮ ಹೆದರಿಕಿಗೆ ಬರೂಣು. ಎಕ್ಸ್-ರೇ ತೆಗಿಸಿಕೊಂಡು ಬಂದವರಿಂದ ನಿಮಗೇನರ ಆಗ್ತೈತೇನ್ರಿ? ಬರೇ ಕಿರಣ ಬಿದ್ದವರಿಂದನೂ ಆಗಂಗಿಲ್ಲ. ಧೂಳು ಇದ್ದವರ ಹತ್ರ ಎನ್-95 ಮಾಸ್ಕು, ಗೌನು, ಎರಡು ಜೋಡಿ ಗ್ಲೌಸ್, ಮ್ಯಾಲಿನ ಜೋಡಿ ಆಗಾಗ ಬದಲಿ. ಮನಿಗೆ ಹೋಗೂ ಮುಂಚೆ ನಿಮ್ಮ ಮೈಗೂ ಮೀಟರ್ ಹಿಡಿಸ್ಕೊಳ್ರಿ, ಕೂಸಿನ ಚಿಂತಿ ಅಲ್ಲೇ ಮುಗೀತು. ಬಸುರಿ ಇದ್ದವರನ್ನ ಮಾತ್ರ ಆ ಡ್ಯೂಟಿಗೆ ಹಾಕಬಾರ್ದು.

ಇನ್ನೊಂದು, ಎಲ್ಲಾರೂ ಕೈಗಾ ಕಡೇನ ನೋಡ್ತಾರ, ನನಗ ಗುಜರಿ ಅಂಗಡಿದ ಚಿಂತಿ ಜಾಸ್ತಿ. 2010ರಾಗ ದಿಲ್ಲಿ ಮಾಯಾಪುರಿ ಗುಜರಿಯೊಳಗ ಕೋಬಾಲ್ಟ್-60 ಅನ್ನೋ ವಿಕಿರಣ ವಸ್ತು ಸಿಕ್ಕು ಒಬ್ಬ ಸತ್ತ. ಬ್ರೆಜಿಲ್‌ನ ಗೊಯಾನಿಯಾದಾಗ 1987ರಲ್ಲಿ ಹಳೇ ಆಸ್ಪತ್ರಿ ಮಷೀನು ಒಡೆದು ಸೀಸಿಯಂ ಪುಡಿ ಮನಿಮನಿಗೆ ಹಂಚಿದ್ರು, 4 ಮಂದಿ ಸತ್ರು, ಸುಮಾರು 1,12,000 ಮಂದೀನ್ನ ಚೆಕ್ ಮಾಡಬೇಕಾತು. ಹಂತಾ ಪೇಷಂಟು ಸೈರನ್ ಹಾಕ್ಕೊಂಡು ಬರಂಗಿಲ್ಲ, ವಾಂತಿ, ಕೈ ಸುಟ್ಟೈತಿ ಅಂತ ಸುಮ್ನ ಬಂದು ಕೂಡ್ತಾನ. ಅದಕ್ಕ ನಿಮ್ಮ ಕ್ಯಾಶುವಲ್ಟಿಯೊಳಗ ಮೀಟರ್ ಐತೇನು, ಐತಂದ್ರ ಒಳಗ ಸೆಲ್ ಅದಾವೇನು ನೋಡ್ರಿ, ಇಲ್ಲಂದ್ರ ಊರಾಗ ಕ್ಯಾನ್ಸರ್‌ಗೆ ರೇಡಿಯೇಷನ್ ಕೊಡೋ ವಿಭಾಗದವರ ನಂಬರ್ ಬರದು ಗ್ವಾಡಿಗೆ ಅಂಟಿಸಿ ಇಡ್ರಿ.