ಸಂಶೋಧನೆಗೆ ಹೆಸರಾದ ಕಡೆ ಪಾಠವೂ ಚೆನ್ನಾಗಿರುತ್ತದೆಯೇ?

ಪ್ರಶ್ನೆ: ಮಗಳಿಗೆ ಬಿಎಸ್ಸಿ ಭೌತಶಾಸ್ತ್ರಕ್ಕೆ ಎರಡು ಕಡೆ ಸೀಟು ಸಿಕ್ಕಿದೆ. ಒಂದು ಸಂಶೋಧನೆಗೆ ಹೆಸರಾದ ವಿಶ್ವವಿದ್ಯಾಲಯ, ಇನ್ನೊಂದು ಪಾಠಕ್ಕೇ ಒತ್ತು ಕೊಡುವ ಸ್ವಾಯತ್ತ ಕಾಲೇಜು. ಉನ್ನತ ಶಿಕ್ಷಣ ಸಂಸ್ಥೆಗಳ ಗುಣಮಟ್ಟ ಅಳೆಯುವ ನ್ಯಾಕ್ ಮಂಡಳಿ ಕೊಟ್ಟ ಗ್ರೇಡ್ ಎರಡಕ್ಕೂ ಒಂದೇ. ಪಾಠ ಎಲ್ಲಿ ಚೆನ್ನಾಗಿರುತ್ತದೆ?
– ಓದುಗರೊಬ್ಬರು, ದಾವಣಗೆರೆ

ಉತ್ತರ: ಗ್ರೇಡ್ ಒಂದೇ ಇದ್ದರೂ ಅಳೆದ ಕೋಲು ಬೇರೆ. ನ್ಯಾಕ್‌ನ ಸಾವಿರ ಅಂಕಗಳ ಪದ್ಧತಿಯಲ್ಲಿ ವಿಶ್ವವಿದ್ಯಾಲಯಗಳ ಬೋಧನೆ, ಮೌಲ್ಯಮಾಪನಕ್ಕೆ 200 ಅಂಕ, ಸಂಶೋಧನೆಗೆ 250. ಸ್ವಾಯತ್ತ ಕಾಲೇಜುಗಳಿಗೆ ಅದೇ 300 ಮತ್ತು 150. ಪಾಠದಲ್ಲಿ ಕಳೆದುಕೊಂಡದ್ದನ್ನು ವಿಶ್ವವಿದ್ಯಾಲಯ ಸಂಶೋಧನೆಯಲ್ಲಿ ತುಂಬಿಕೊಳ್ಳಬಹುದು.

ಒಳ್ಳೆಯ ಸಂಶೋಧಕರು ಪಾಠವನ್ನೂ ಚೆನ್ನಾಗಿ ಮಾಡುತ್ತಾರೆಂಬ ನಂಬಿಕೆಗೆ ಆಧಾರ ತೀರಾ ಕಡಿಮೆ. ಶಿಕ್ಷಣ ಸಂಶೋಧಕರಾದ ಹ್ಯಾಟಿ ಮತ್ತು ಮಾರ್ಷ್ 1996ರಲ್ಲಿ 58 ಅಧ್ಯಯನಗಳನ್ನು ಒಟ್ಟಿಗೆ ಲೆಕ್ಕಹಾಕಿದಾಗ ಇವೆರಡರ ಸಹಸಂಬಂಧ ಬರೀ 0.06 (0 ಎಂದರೆ ನಂಟೇ ಇಲ್ಲ, 1 ಎಂದರೆ ಪೂರ್ತಿ ನಂಟು). ಹಾಗೆಂದು ಸಂಶೋಧಕರು ಪಾಠದಲ್ಲಿ ಹಿಂದೆ ಎಂದೂ ಅಲ್ಲ. ಒಂದನ್ನು ನೋಡಿ ಇನ್ನೊಂದನ್ನು ಊಹಿಸಲಾಗದು, ಅಷ್ಟೆ.

ಆದ್ದರಿಂದ ಸಂಸ್ಥೆಯ ಹೆಸರು ಬಿಡಿ, ಮೊದಲ ಸೆಮಿಸ್ಟರಿನ ವೇಳಾಪಟ್ಟಿ ಕೇಳಿ. ವಿಶ್ವವಿದ್ಯಾಲಯ ಧನಸಹಾಯ ಆಯೋಗದ (ಯುಜಿಸಿ) 2018ರ ನಿಯಮದಂತೆ ಸಹಾಯಕ ಪ್ರಾಧ್ಯಾಪಕರು ವಾರಕ್ಕೆ 16 ಗಂಟೆ, ಪ್ರಾಧ್ಯಾಪಕರು 14 ಗಂಟೆ ಪಾಠ ಮಾಡಬೇಕು. ಆ ಗಂಟೆಗಳು ಎಂಎಸ್ಸಿ ತರಗತಿಗೇ ಹೋಗುತ್ತವೆಯೋ, ಬಿಎಸ್ಸಿ ಮೊದಲ ವರ್ಷಕ್ಕೂ ಬರುತ್ತವೆಯೋ ಎಂಬುದು ವೇಳಾಪಟ್ಟಿಯಲ್ಲಿ ಕಾಣುತ್ತದೆ. ಅತಿಥಿ ಉಪನ್ಯಾಸಕರಿದ್ದರೆ ಗಾಬರಿ ಬೇಡ, ಎಷ್ಟೋ ಕಡೆ ಅವರೇ ಶ್ರದ್ಧೆಯಿಂದ ಕಲಿಸುತ್ತಾರೆ. ಆದರೆ ನೇಮಕಾತಿ ತಡವಾದರೆ ಸೆಮಿಸ್ಟರಿನ ಮೊದಲ ವಾರಗಳು ಖಾಲಿ ಹೋಗಿ, ಕೊನೆಯಲ್ಲಿ ನಾಲ್ಕು ಘಟಕಗಳ ಪಾಠ ಓಡೋಡಿ ಮುಗಿಯುತ್ತದೆ. ಕಳೆದ ವರ್ಷ ಪಾಠ ಯಾವ ತಾರೀಖಿಗೆ ಶುರುವಾಯಿತೆಂದು ಎರಡನೇ ವರ್ಷದ ವಿದ್ಯಾರ್ಥಿಗಳನ್ನೇ ವಿಚಾರಿಸಿ.

ಲ್ಯಾಬಿನಲ್ಲಿ ಒಂದು ಉಪಕರಣಕ್ಕೆ ಎಷ್ಟು ಜನ? ಇಬ್ಬರಿದ್ದರೆ ಇಬ್ಬರ ಕೈಯೂ ಓಡುತ್ತದೆ. ಐವರಾದರೆ ಒಬ್ಬರು ಅಳೆಯುತ್ತಾರೆ, ಉಳಿದವರು ರೀಡಿಂಗ್ ಬರೆದುಕೊಳ್ಳುತ್ತಾರೆ. ವಿಶ್ವವಿದ್ಯಾಲಯದ ಒಟ್ಟು ಶಿಕ್ಷಕ–ವಿದ್ಯಾರ್ಥಿ ಅನುಪಾತ ಇದನ್ನು ಹೇಳುವುದಿಲ್ಲ. ಪಿಎಚ್‌ಡಿ, ಸ್ನಾತಕೋತ್ತರ ವಿಭಾಗಗಳ ಸಣ್ಣ ತರಗತಿಗಳೂ ಆ ಸರಾಸರಿಯಲ್ಲಿ ಸೇರಿರುತ್ತವೆ.

ನನ್ನ ದೃಷ್ಟಿಯಲ್ಲಿ ಎಲ್ಲಕ್ಕಿಂತ ಮುಖ್ಯ ಆಂತರಿಕ ಪರೀಕ್ಷೆಯ ಉತ್ತರ ಪತ್ರಿಕೆ. ಅದು ಎರಡು ವಾರದೊಳಗೆ, ಎಲ್ಲಿ ತಪ್ಪಿತೆಂಬ ಟಿಪ್ಪಣಿಯೊಂದಿಗೆ ಕೈಗೆ ಬಂದರೆ ಅಲ್ಲಿ ಪಾಠ ನಡೆಯುತ್ತಿದೆ ಎಂದೇ ಅರ್ಥ. ಅಂಕವಷ್ಟೇ ನೋಟಿಸ್ ಬೋರ್ಡಿಗೆ ಬಂದರೆ ಮಗುವಿಗೆ ತನ್ನ ತಪ್ಪು ಗೊತ್ತಾಗುವುದೇ ಇಲ್ಲ.

ಪ್ರಶ್ನೆ: ಮುಂದೆ ಪಿಎಚ್‌ಡಿ ಮಾಡುವ ಆಸೆಯಿರುವವರು ಕಾಲೇಜು ಸೇರಿದರೆ ನಷ್ಟವೇ?
– ವಿದ್ಯಾರ್ಥಿನಿ, ಶಿರಸಿ

ಉತ್ತರ: ಸ್ವಲ್ಪ ಹಿನ್ನಡೆ ನಿಜ, ತುಂಬಿಕೊಳ್ಳಲಾಗದ್ದಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ 2011ರಲ್ಲಿ ಆರಂಭಿಸಿದ ನಾಲ್ಕು ವರ್ಷದ ಪದವಿಯಲ್ಲಿ ಕೊನೆಯ ವರ್ಷ ಸಂಶೋಧನಾ ಪ್ರಾಜೆಕ್ಟ್ ಇದೆ. ಕಾಲೇಜಿನವರಿಗೂ ಅಂಥ ಅನುಭವ ಸಿಗುವಂತೆ ದೇಶದ ಮೂರು ವಿಜ್ಞಾನ ಅಕಾಡೆಮಿಗಳು ಸೇರಿ ಎರಡು ತಿಂಗಳ ಬೇಸಿಗೆ ಸಂಶೋಧನಾ ಫೆಲೋಶಿಪ್ ನಡೆಸುತ್ತವೆ. ಅರ್ಜಿಗೆ ಅಧ್ಯಾಪಕರ ಶಿಫಾರಸು ಪತ್ರ ಬೇಕು. ನಿಮ್ಮ ಕೆಲಸ ಬಲ್ಲವರು ಬರೆದ ಪತ್ರಕ್ಕೆ ತೂಕ ಹೆಚ್ಚು. ಸಣ್ಣ ತರಗತಿಯ ಕಾಲೇಜಿನಲ್ಲಿ ಅಂಥವರು ಸಿಗುವುದು ಸುಲಭ.